ಗಿಣಿಯ ಬಾಯಿಗೆ ಬಂದ ಅಪ್ಪಣೆ

ಹವಾಲ್ದಾರನನ್ನು ದಳದವರೆಲ್ಲ ಗಿಣಿ ಎನ್ನುತ್ತಿದ್ದರು. ಪ್ರಭುವಿನ ಅಪ್ಪಣೆಗಳನ್ನು ಅವನಷ್ಟು ಅರೆದು ಕುಡಿದವರು ಇಡೀ ಸೈನ್ಯದಲ್ಲಿ ಇನ್ನೊಬ್ಬರಿರಲಿಲ್ಲ. ದೂರದ ತಾಯಿಗ್ರಹದಿಂದ ಪ್ರಭುವಿನ ದನಿ ದಿನಾ ಬೆಳಿಗ್ಗೆ ರೇಡಿಯೊ ಗೋಪುರಕ್ಕೆ ಬಂದಿಳಿದು ದಳದ ಸ್ಪೀಕರಿನಲ್ಲಿ ಮೊಳಗುತ್ತಿತ್ತು. ದನಿ ತಪ್ಪಾಡುವುದಿಲ್ಲ ಎಂಬುದು ಸೈನಿಕನ ನಂಬಿಕೆ. ಅದು ಹೇಳಿದ್ದನ್ನು ಮಾಡುವುದು ಅವನ ಕೆಲಸ. ಗಿಣಿಗೆ ಈ ಏರ್ಪಾಟು ಬಹಳ ಹಿಡಿಸಿತ್ತು. ಸ್ವಂತ ಬುದ್ಧಿಯಿಂದ ತನಗೆ ಯಾವತ್ತೂ ಒಳ್ಳೆಯದಾಗಿರಲಿಲ್ಲ, ಅದನ್ನು ಮೇಲಿನವರಿಗೆ ಒಪ್ಪಿಸಿದ ಮೇಲೆಯೇ ಮೈ ಹಗುರಾದದ್ದು ಎಂದು ಹೇಳಿಕೊಳ್ಳುತ್ತಿದ್ದ. ಭಕ್ತಿಗೆಂದು ಒಂದು ಪದಕವೂ ಸಿಕ್ಕಿತ್ತು. ಅದು ಅಷ್ಟು ದೊಡ್ಡದಾಗಿ ಕಾಣುವುದು ಕೆಳಗಿನ ಎದೆ ಸಣ್ಣದಾದ್ದರಿಂದ ಎಂಬುದೂ ಅವನದೇ ಮಾತು.

ದಳ ಬೀಡುಬಿಟ್ಟದ್ದು ಬಂಡೆದ್ದ ಊರೊಂದರ ಅಂಚಿನಲ್ಲಿ, ಪಾಳುಬಿದ್ದ ಶಾಲೆಯೊಳಗೆ. ಮಲಗುವುದು ಜೋಡಿಸಿದ ಬೆಂಚುಗಳ ಮೇಲೆ. ಕಿಟಕಿಯಾಚೆ ಒಂದು ಬೀದಿ, ಬೀದಿಯಾಚೆ ಮರಳು ಚೀಲಗಳು, ಅವುಗಳ ಹಿಂದೆ ಊರಿನವರು.

ಒಂದು ದಿನ ಆಚೆಯಿಂದ ಬಂದ ಗುಂಡು ಗೋಪುರದ ನೆತ್ತಿಯನ್ನೇ ಹಾರಿಸಿತು. ಅದರ ಮೆಕ್ಯಾನಿಕ್ ಗಿಣಿಯ ಅಕ್ಕನ ಗಂಡ. ಹತ್ತಿ ನೋಡಿ ಇಳಿದ ಭಾವ, ಮುಂದಿನ ಹಡಗು ಬಿಡಿಭಾಗ ತರುವತನಕ ದನಿ ಬರುವುದಿಲ್ಲ ಎಂದ.

ವಾರ ಕಳೆಯುವಷ್ಟರಲ್ಲಿ ದಳ ದಿಕ್ಕೆಟ್ಟಿತು. ಕೆಲವರು ಗಡ್ಡ ಹೆರೆಯುವುದನ್ನು ಬಿಟ್ಟರು. ಫಿರಂಗಿ ಹೊಡೆಯುವ ದೈತ್ಯ, ಎಲ್ಲರೂ ಕಲ್ಲು ಎಂದು ಕರೆಯುವವನು, ಮೂಕ ಸ್ಪೀಕರಿನ ಮುಂದೆ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಇರತೊಡಗಿದ. ದಳಪತಿ ಗಿಣಿಯನ್ನು ಮಾಸ್ತರರ ಕೋಣೆಗೆ ಕರೆಸಿದ.

"ನಿನಗೆಲ್ಲ ಬಾಯಿಪಾಠ ಇದೆಯಲ್ಲ. ಹಡಗು ಬರೋ ತನಕ ನೀನೇ ದನಿಯಾಗು."

ಗಿಣಿ ಪಾಪವೋ ಪುಣ್ಯವೋ ಎಂದು ಯೋಚಿಸಲು ಹೋಗಿ, ಯೋಚಿಸುವುದು ತನ್ನ ಇಲಾಖೆಯಲ್ಲ ಎಂದು ನೆನಪಾಗಿ, ಆಗಲಿ ಎಂದ. ಭಾವ ಪೊರಕೆ ಇಡುವ ಗೂಡಿನಲ್ಲಿ ಮೈಕು ಜೋಡಿಸಿ, ದನಿ ಗಂಭೀರವಾಗಲೆಂದು ಅದಕ್ಕೊಂದು ತಗಡಿನ ಡಬ್ಬಿ ಕಟ್ಟಿದ. ಗಿಣಿ ಡಬ್ಬಿಗೆ ಬಾಯಿಟ್ಟು ಹಳೆಯ ಅಪ್ಪಣೆಗಳನ್ನು ಒಪ್ಪಿಸಿದ. ಹೊರಗೆ, ದನಿ ಮರಳಿತೆಂದು ನಂಬಿ, ಗಂಡಸರು ಅತ್ತರು. ಅವನಿಗೆ ನಾಚಿಕೆಯಾಯಿತು. ಜೊತೆಗೆ ಖುಷಿಯೂ ಆದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಕೆಲವು ದಿನ ಹೀಗೇ ನಡೆಯಿತು. ಆಮೇಲೆ ದಳಪತಿ ಹೊಸ ಅಪ್ಪಣೆಯೊಂದನ್ನು ಕಿವಿಯಲ್ಲಿ ಹೇಳಿದ: ಬೀದಿ ದಾಟಿ, ಒಂದು ಮನೆಯನ್ನೂ ನಿಲ್ಲಗೊಡಬೇಡಿ. ಗಿಣಿ ಗೂಡು ಹೊಕ್ಕ. ಹವಾಲ್ದಾರನೆಂದ ಮೇಲೆ ಮೊದಲ ಸಾಲಿನಲ್ಲಿ ಓಡಬೇಕಾದವನು ತಾನೇ ಎಂಬುದು ಆಗ ಹೊಳೆಯಿತು. ಜೀವ ಬಾಯಿಗೆ ಬಂತು. ಹಿಂದಿನ ದಿನ ಕಿಟಕಿಯಲ್ಲಿ ಕಂಡಿದ್ದ ಬೀದಿಯ ಒಡೆದ ನೀರಿನ ಪೈಪು, ಅದರ ಸುತ್ತ ಬಕೆಟ್ಟು ಹಿಡಿದು ಬಗ್ಗಿದ್ದ ಹೆಂಗಸರು, ಯಾಕೋ ಏನೋ, ಅದೂ ಬಾಯಿಗೆ ಬಂತು.

"ಬೀದಿ ದಾಟಿ," ಎಂದ. ಡಬ್ಬಿಯನ್ನು ಇನ್ನೂ ಹತ್ತಿರಕ್ಕೆಳೆದುಕೊಂಡ. "ಬಂದೂಕು ಒಳಗಿಟ್ಟು ದಾಟಿ. ಆಚೆಯವರ ಪೈಪು ಒಡೆದಿದೆ. ಸರಿಮಾಡಿಕೊಡಿ."

ದಳಪತಿ ಇಂಗು ತಿಂದ ಮಂಗನಂತಾದ. ದನಿ ಸುಳ್ಳು ಎನ್ನೋಣವೆಂದರೆ ಸುಳ್ಳು ಹೇಳಿಸಿದವನು ತಾನೇ. ಅಷ್ಟರಲ್ಲಿ ಕಲ್ಲು ಪಾನಾ ಹಿಡಿದು ಬೀದಿಗಿಳಿದಾಗಿತ್ತು, ಉಳಿದವರು ಅವನ ಹಿಂದೆ. ಆಚೆಯವರಿಗೆ ಇದು ಎಷ್ಟು ವಿಚಿತ್ರವಾಗಿ ಕಂಡಿತೆಂದರೆ ಗುಂಡು ಹಾರಿಸಲು ಮರೆತರು. ಕೊನೆಗೆ ವಯಸ್ಸಾದ ದರ್ಜಿ ಹೆಂಗಸೊಬ್ಬಳು ಬಾಗಿಲು ತೆರೆದು ಬಂದಳು.

"ಒಡೆಯೋರೂ ನೀವೇ, ರಿಪೇರಿ ಮಾಡೋರೂ ನೀವೇನಾ?"

"ಅಪ್ಪಣೆಯಾಗಿದೆ, ಅಮ್ಮ," ಎಂದ ಕಲ್ಲು.

ಸುಳ್ಳು ಒಮ್ಮೆ ಹೊರಟರೆ ನಿಲ್ಲುವುದಿಲ್ಲ. ಪೈಪಿನ ಬೆನ್ನಿಗೆ ಛಾವಣಿ, ಛಾವಣಿಯ ಬೆನ್ನಿಗೆ ಆಸ್ಪತ್ರೆಯ ಗೋಡೆ. ಮೊದಲೆಲ್ಲ ಹಲ್ಲು ಕಡಿಯುತ್ತಿದ್ದ ದಳಪತಿ ಬರಬರುತ್ತ ದರ್ಜಿಯ ಅಂಗಡಿಯಲ್ಲಿ ಕೂತು ಚಹಾ ಕುಡಿಯತೊಡಗಿದ. ತನ್ನ ಹೇಡಿತನ ಇಷ್ಟು ಜನರಿಗೆ ಉಪಯೋಗಕ್ಕೆ ಬಂದೀತೆಂದು ಗಿಣಿ ಎಣಿಸಿರಲಿಲ್ಲ.

ಹಡಗು ಬಂತು. ಭಾವ ಬೇರೆ ದಾರಿಯಿಲ್ಲದೆ ಗೋಪುರ ಸರಿಮಾಡಿದ. ಮರುದಿನ ಬೆಳಿಗ್ಗೆ ನಿಜವಾದ ದನಿ ಮೊಳಗಿತು: ಊರನ್ನು ಸುಡಿ.

ಯಾರೂ ಅಲುಗಲಿಲ್ಲ. ಕಲ್ಲು ಎದ್ದುಹೋಗಿ ಸ್ಪೀಕರಿನ ವೈರು ಕಿತ್ತ. ಇದು ಪ್ರಭುವಿನ ದನಿಯಲ್ಲ, ಯಾರೋ ದ್ರೋಹಿಗಳು ಗೋಪುರಕ್ಕೆ ಕಳ್ಳದನಿ ತುಂಬಿದ್ದಾರೆ, ಪ್ರಭು ಇಂಥ ಮಾತಾಡುವವರಲ್ಲ ಎಂದ. ದಳವೆಲ್ಲ ಹೌದೆಂದಿತು. ಧರ್ಮದ್ರೋಹಕ್ಕೆ ಶಿಕ್ಷೆ ಏನೆಂದು ಬಾಯಿಪಾಠವಿದ್ದ ಗಿಣಿಗೆ ತಡೆಯಲಾಗಲಿಲ್ಲ. ಅಯ್ಯೋ, ಇದೇ ಅಸಲಿ, ಇಷ್ಟು ದಿನ ಪೊರಕೆ ಗೂಡಿನಲ್ಲಿ ಕೂತು ಬೊಗಳಿದವನು ನಾನು ಎಂದುಬಿಟ್ಟ.

ಕಲ್ಲು ಅವನ ಹೆಗಲ ಮೇಲೆ ಕೈಯಿಟ್ಟ. "ಬೇಜಾರು ಮಾಡ್ಕೋಬೇಡಿ ಹವಾಲ್ದಾರ್ರೇ. ಅಂಥ ಒಳ್ಳೇ ಮಾತು ನಿಮ್ಮ ತಲೆಯಿಂದ ಬರೋಕೆ ಸಾಧ್ಯಾನಾ?"

ಗಿಣಿ ತಲೆ ಕೆರೆದುಕೊಂಡ. ಇದೇ ಅನುಮಾನ ಅವನಿಗೂ ಇತ್ತು.

ಇಡೀ ದಳ ಧರ್ಮದ್ರೋಹಿ ಎಂದು ಸಾರಿ, ಹತ್ತಿರದ ಹಡಗುಪಡೆ ಅವರ ಮೇಲೆ ಬಂತು. ಸೈನಿಕರೂ ಊರಿನವರೂ ಒಂದೇ ಮರಳು ಚೀಲಗಳ ಹಿಂದೆ ನಿಂತರು, ದಳಪತಿಯೂ ನಿಂತ. ಗಿಣಿ ದರ್ಜಿಯ ಮೇಜಿನ ಕೆಳಗಿನಿಂದ ಗುಂಡು ಹಾರಿಸಿದ. ಅದರಲ್ಲಿ ಒಂದು ಅವಳ ಇಸ್ತ್ರಿಪೆಟ್ಟಿಗೆಗೆ ತಗುಲಿತು. ಎರಡು ದಿನ ಬೆಂಕಿ ಸುರಿದ ಪಡೆಗೆ ಬೇರೆ ಗ್ರಹದಿಂದ ಕರೆ ಬಂದು, ಅದು ಹೊರಟುಹೋಯಿತು. ಊರು ಅರ್ಧ ಉಳಿಯಿತು. ಕಲ್ಲು ಉಳಿಯಲಿಲ್ಲ.

ಕೊನೆಯ ಗಳಿಗೆಯಲ್ಲಿ ಅವನು ಗಿಣಿಯ ಕೈಹಿಡಿದು, ದನಿ ನಮ್ಮ ಕೈಬಿಡಲಿಲ್ಲ ಅಲ್ಲವೇ ಎಂದು ಕೇಳಿದ್ದ. ನಿಜ ಹೇಳುವ ಧೈರ್ಯ ಗಿಣಿಗೆ ಆಗಲೂ ಬರಲಿಲ್ಲ. ಬಿಡಲಿಲ್ಲ ಕಣಪ್ಪ ಎಂದ. ಮಣ್ಣು ಮಾಡುವಾಗ ಏನಾದರೂ ಹೇಳೆಂದು ಎಲ್ಲರೂ ಅವನ ಮುಖ ನೋಡಿದರು. ಬಾಯಿಪಾಠವಿದ್ದ ಸಾವಿರ ಸಾಲುಗಳಲ್ಲಿ ಒಂದೂ ಆ ಮನುಷ್ಯನಿಗೆ ಒಪ್ಪಲಿಲ್ಲ. "ನನಗಿಂತ ಬಹಳ ಒಳ್ಳೆಯವನು," ಎಂದ. ಅಷ್ಟೇ ಹೇಳಲಾಯಿತು.

ಮರುದಿನ ದಳ ಮತ್ತೆ ಸ್ಪೀಕರಿನ ಮುಂದೆ ಸೇರಿತು. ಬೀದಿಯಾಚೆಯವರೂ ಕೆಲವರು ಬಂದು ಕೂತರು. ಭಾವ ಗೂಡಿನ ಮೈಕಿಗೆ ವೈರು ಜೋಡಿಸಿ ಬಾಮೈದನ ಕಡೆ ತಿರುಗಿ, ಇವತ್ತು ಏನು ಹೇಳ್ತೀಯ ಎಂದು ಮೆಲ್ಲಗೆ ಕೇಳಿದ.

"ಗೊತ್ತಿಲ್ಲ ಭಾವ," ಎಂದ ಗಿಣಿ. ಶಾಲೆಯ ಸೂರು ಹಾರಿಹೋಗಿತ್ತು, ಮೋಡ ಕಟ್ಟುತ್ತಿತ್ತು. ಅಪ್ಪಣೆಯಾಗದೆ ಇವರಲ್ಲಿ ಒಬ್ಬನೂ ಏಣಿ ಹತ್ತುವುದಿಲ್ಲ ಎಂಬುದಂತೂ ಅವನಿಗೆ ಗೊತ್ತಿತ್ತು. ಪೊರಕೆಗಳನ್ನು ಬದಿಗೆ ಸರಿಸಿ ಒಳಗೆ ಕೂತು, ಗಂಟಲು ಸರಿಮಾಡಿಕೊಂಡ.