ಕೊಲ್ಲಿಗೆ ಸುರಿಯದ ವೈರಸ್

ಚರ್ಚಿನ ಮೆಟ್ಟಿಲಿಳಿಯುವಾಗ ಶವಪೆಟ್ಟಿಗೆ ಒಂದು ಕಡೆಗೆ ವಾಲಿತು. ಐವಿಂಡ್ ತನ್ನ ಹಿಡಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದ. ಒಳಗಿದ್ದವಳು ಅಕ್ಕ ಗುಡ್ರೂನ್. ಅವಳೊಡನೆ ಮಾತು ಬಿಟ್ಟು ಇಪ್ಪತ್ತು ವರ್ಷವಾಗಿತ್ತು.

“ಬದುಕಿದ್ದಾಗ ಮುಖ ನೋಡ್ಲಿಲ್ಲ. ಈಗ ಹೊರೋಕೆ ಬಂದ ಪುಣ್ಯಾತ್ಮ,” ಹಿಂದೆ ಯಾರೋ ಗೊಣಗಿದರು.

ಕೇಳಿಸಿತು. ಐವಿಂಡ್ ಮುಂದಿನ ಮೆಟ್ಟಿಲಿಗೆ ಕಾಲಿಟ್ಟ.

*

ಇಪ್ಪತ್ತು ವರ್ಷದ ಹಿಂದಿನ ಆ ವಸಂತದಲ್ಲಿ ಬರ್ಗೆನ್ ಪಟ್ಟಣದಾಚೆಯ ಕೊಲ್ಲಿಯ ನೀರು ಪಾಚಿಯಿಂದ ಕಂದಿಹೋಗಿತ್ತು. ಐವಿಂಡ್ ಸಾಕಿದ್ದ ಸಾಲ್ಮನ್ ಮೀನುಗಳು ಉಸಿರುಕಟ್ಟಿ, ಬಲೆಯೊಳಗೆ ಹೊಟ್ಟೆ ಮೇಲಾಗಿ ತೇಲತೊಡಗಿದವು. ಅಂಥ ಪಾಚಿಯನ್ನು ಕೊಲ್ಲುವ ವೈರಸ್ಸನ್ನು ಗುಡ್ರೂನ್ ವಿಶ್ವವಿದ್ಯಾಲಯದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದಳು. ಜಾಡಿಗಳಲ್ಲಿ ಬೆಳೆಸಿಯೂ ಇದ್ದಳು.

“ತಂದು ಸುರಿಯೇ ಅಕ್ಕ, ದಮ್ಮಯ್ಯ.”

“ಅದು ಇನ್ನೇನೇನನ್ನ ಕೊಲ್ಲುತ್ತೋ ನಂಗೊತ್ತಿಲ್ಲ ಕಣೋ. ಕಡಲಿಗೆ ಬಿಟ್ಮೇಲೆ ವಾಪಸ್ ಕರೆಯೋಕಾಗಲ್ಲ.”

“ತಮ್ಮ ಮುಳುಗ್ಲಿ, ನೀನು ಆ ಯಂತ್ರದಲ್ಲಿ ಇಣುಕಿ ನೋಡ್ತಾ ಕೂತ್ಕೋ!”

ವಾರದೊಳಗೆ ಒಂದು ಮೀನೂ ಉಳಿಯಲಿಲ್ಲ. ದೋಣಿ, ಬಲೆ ಮಾರಿ ಐವಿಂಡ್ ಇನ್ನೊಬ್ಬರ ಮೀನು ಸಾಕಣೆಯಲ್ಲಿ ಕೂಲಿಗೆ ಸೇರಿದ.

*

ಮಣ್ಣಾದ ಮೇಲೆ ಸಭಾಂಗಣದಲ್ಲಿ ಕಾಫಿ. ಗುಡ್ರೂನ್ ಜೊತೆ ಕೆಲಸ ಮಾಡಿದ್ದ ಸಿಗ್ನೆ ಅವನೆದುರು ಬಂದು ಕೂತಳು.

“ಹೊಸ ಯಂತ್ರದ ವಿಷಯ ಹೇಳಿದ್ಲಾ ನಿಮಗೆ?”

“ಯಾವ ಯಂತ್ರ?”

“ಹೊಸ ಸೂಕ್ಷ್ಮದರ್ಶಕ, ಹೋದ ವರ್ಷ ಬಂತು. ಜೀವಕೋಶಾನ ಇದ್ದಹಾಗೇ ಹೆಪ್ಪುಗಟ್ಟಿಸಿ ನೋಡಬಹುದು. ನಿಮ್ಮ ಬಲೆಯಿಂದ ತಂದ ಪಾಚೀನ ಇಷ್ಟು ವರ್ಷ ಜಾಡೀಲಿ ಸಾಕ್ಕೊಂಡಿದ್ಲು. ಅದು ವೈರಸ್ಸಿಂದ ಸಾಯುತ್ತೋ ತಾನಾಗೇ ಸಾಯುತ್ತೋ ಹಳೇ ಯಂತ್ರದಲ್ಲಿ ಖಚಿತವಾಗ್ತಿರ್ಲಿಲ್ಲ. ಹೊಸದರಲ್ಲಿ ವೈರಸ್ ಬಿಟ್ಟು ನೋಡಿದ್ವಿ. ಪಾಚಿಯ ಮೈಗೆ ಅಂಟುತ್ತೆ, ಒಳಗೆ ಹೋಗಲ್ಲ. ನಿಮ್ಮ ಕೊಲ್ಲಿಯ ಪಾಚೀದು ಬೇರೆ ತಳಿ. ಜಾಡಿಗಟ್ಟಲೆ ಸುರಿದಿದ್ರೂ ನಿಮ್ಮ ಮೀನು ಉಳೀತಿರ್ಲಿಲ್ಲ.”

ಐವಿಂಡ್ ಲೋಟ ಕೆಳಗಿಟ್ಟ. “ಅವಳಿಗೆ ಗೊತ್ತಿತ್ತಾ?”

“ಆ ಯಂತ್ರದಲ್ಲಿ ತೆಗೆದ ಚಿತ್ರ ಹಿಡ್ಕೊಂಡು ಅವತ್ತೇ ನಿಮ್ಮನೆಗೆ ಹೊರಟ್ಲು, ಸಣ್ಣ ಹುಡುಗಿ ಥರ. ಬಂದ್ಮೇಲೆ ಕೇಳಿದ್ರೆ, ‘ಅವನು ಮನೇಲಿರ್ಲಿಲ್ಲ’ ಅಂದ್ಲು.”

*

ಅವನು ಮನೆಯಲ್ಲೇ ಇದ್ದ. ಪರದೆಯ ಸಂದಿಯಿಂದ ನೋಡಿದ್ದ. ಮಳೆಯಲ್ಲಿ ಅಕ್ಕ ಕದ ತಟ್ಟುತ್ತಿದ್ದಳು, ಕೋಟಿನೊಳಗೆ ಏನನ್ನೋ ನೆನೆಯದಂತೆ ಅವಚಿಕೊಂಡು. ಕ್ಷಮೆ ಕೇಳೋಕೆ ಬಂದಿದಾಳೆ, ನೆನೀಲಿ, ಎಂದುಕೊಂಡ. ಹೆಂಡತಿ ಏಳಹೋದಾಗ ಕೈಹಿಡಿದು ಕೂರಿಸಿದ.

*

ಪಾದ್ರಿ ಲೋಟಕ್ಕೆ ಚಮಚ ತಟ್ಟಿದರು. “ಅಕ್ಕನ ಬಗ್ಗೆ ತಮ್ಮ ಎರಡು ಮಾತಾಡ್ತಾರೆ.”

ಐವಿಂಡ್ ಎದ್ದ. ಎಲ್ಲರೂ ತಿನ್ನುವುದು ನಿಲ್ಲಿಸಿದರು.

“ಗುಡ್ರೂನ್ ನಮ್ಮನೆಗೆ ಬಂದಿದ್ಲು,” ಎಂದ.

ಮುಂದಿನ ಮಾತಿಗೆ ಎಲ್ಲರೂ ಕಾದರು. ಆಮೇಲೆ ಹಿಂದಿನ ಮೇಜಿನಲ್ಲಿ ಯಾರೋ ಬ್ರೆಡ್ಡಿನ ತಟ್ಟೆಯನ್ನು ಸದ್ದಾಗದಂತೆ ಪಕ್ಕಕ್ಕೆ ದಾಟಿಸಿದರು. ಒಬ್ಬೊಬ್ಬರಾಗಿ ತಿನ್ನತೊಡಗಿದರು. ಅವನು ನಿಂತೇ ಇದ್ದ.