ತೊಂಬತ್ತೆರಡು ಸಾವಿರ ಕಿಲೋಮೀಟರ್

ರುದ್ರಣ್ಣ ಇಂಜಿನ್ನಿನ ಹೆಡ್ ಬಿಚ್ಚಿ ಹಳೇ ಟೈರಿನ ಮೇಲೆ ಮಗುಚಿ ಇಟ್ಟಿದ್ದ. ಹದಿನಾರು ವಾಲ್ವುಗಳಲ್ಲಿ ಹನ್ನೊಂದು ಸೊಟ್ಟಗಾಗಿದ್ದವು. ಎರಡು ಪಿಸ್ಟನ್‌ಗಳ ತಲೆಯ ಮೇಲೆ ವಾಲ್ವು ಬಡಿದು ಹಳ್ಳ ಬಿದ್ದಿತ್ತು.

"ಇಂಜಿನ್ ಕಟ್ಟೋಕೆ ತೊಂಬತ್ತು ಸಾವಿರ ಆಯ್ತದೆ. ಜಾಸ್ತಿ ಆದ್ರೂ ಆಗ್ಬೋದು, ಕಮ್ಮಿ ಅಂತೂ ಆಗಲ್ಲ."

"ಆ ದುಡ್ಡಿಗೆ ಇನ್ನೊಂದು ಹಳೇ ಗಾಡೀನೇ ಬತ್ತದೆ ಕಣಣ್ಣ!"

"ಬತ್ತದೆ. ಅದ್ರ ಇಂಜಿನ್ನೂ ಹಿಂಗೇ ಇರ್ತದೆ, ತಗೋ."

ಗುಬ್ಬಿ ಗೇಟಿನ ಹತ್ತಿರದ ಆ ತಗಡಿನ ಶೆಡ್ಡಿನಲ್ಲಿ ನಿಂತು ನನಗೆ ಯಾರಿಗಾದರೂ ಹೊಡೆಯಬೇಕು ಅನ್ನಿಸುತ್ತಿತ್ತು. ಕಂಪನಿಯವರಿಗೆ, ಗಾಡಿ ಮಾರಿದವನಿಗೆ, ನಗುತ್ತಾ ಸ್ಪ್ಯಾನರ್ ಒರೆಸುತ್ತಿದ್ದ ಈ ರುದ್ರಣ್ಣನಿಗೆ. ಆದರೆ ಹೊಡೆತ ತಿನ್ನಬೇಕಾದವನು ನಾನೇ ಎಂದು ಗೊತ್ತಿದ್ದರಿಂದ ಕೈಗಳನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ.

ರುದ್ರಣ್ಣ ದನಿ ಇಳಿಸಿದ. "ಒಂದು ಕೇಳ್ತೀನಿ ಪ್ರಕಾಶ. ಮೀಟರ್‌ನಲ್ಲಿ ಒಂದು ಲಕ್ಷದ ಅರವತ್ತು ಸಾವಿರ ಐತೆ. ಈ ಸಿಲಿಂಡರ್ ಸವೆದಿರೋದು ನೋಡುದ್ರೆ ಮೂರು ಲಕ್ಷ ಯಾವತ್ತೋ ದಾಟೈತೆ. ಯಾರ್ಲಾ ತಿರುಗ್ಸಿದ್ದು?"

"ನಂಗೇನು ಗೊತ್ತು? ಮಾರಿದೋನ್ನ ಕೇಳು."

"ನಂಗ್ಯಾಕಪ್ಪ. ದುಡ್ಡು ಕೊಡೋನು ಕರಿಬಸವಯ್ಯ. ಅವ್ನೇ ಕೇಳ್ಕೋಬೇಕು."

ಗಾಡಿ ನನ್ನದೂ ಹೌದು, ಕರಿಬಸವಯ್ಯನವರದೂ ಹೌದು. ವಸಂತನರಸಾಪುರದ ಒಂದು ಫ್ಯಾಕ್ಟರಿಗೆ ಗುಬ್ಬಿಯಿಂದ ಹೆಣ್ಣುಮಕ್ಕಳನ್ನು ಕರೆದೊಯ್ಯುವ ಏಳು ಸೀಟಿನ ಡೀಸೆಲ್ ಕಾರು. ಬೆಳಗಿನ ಶಿಫ್ಟು ಅವರದು, ಮಧ್ಯಾಹ್ನದ್ದು ನನ್ನದು. ಹೀಗೆ ಇಬ್ಬರು ಸೇರಿ ಒಂದು ಗಾಡಿ ಓಡಿಸುವವರು ನಮ್ಮ ಸ್ಟ್ಯಾಂಡಿನಲ್ಲಿ ಏಳೆಂಟು ಜೋಡಿ ಇದ್ದಾರೆ. ಎಲ್ಲರಿಗೂ ಒಂದೇ ಕಟ್ಟಳೆ: ಡೀಸೆಲ್ಲು ಅರ್ಧ ಅರ್ಧ, ಬಾಡಿಗೆ ಅರ್ಧ ಅರ್ಧ, ರಿಪೇರಿ ಮಾತ್ರ ಯಾರ ಕೈಲಿ ಕೆಟ್ಟಿತೋ ಅವರದು. ಹಾಗಿಲ್ಲದಿದ್ದರೆ ಒಬ್ಬ ಹುಷಾರಾಗಿ ಓಡಿಸುತ್ತಾನೆ, ಇನ್ನೊಬ್ಬ ಕಂಡ ಗುಂಡಿಗೆಲ್ಲ ಹಾರಿಸುತ್ತಾನೆ. ಯಡಿಯೂರಿನಲ್ಲಿ ಗಾಡಿಗೆ ಪೂಜೆ ಮಾಡಿಸಿದ ದಿನ ಸಿದ್ಧಲಿಂಗೇಶ್ವರನ ಗುಡಿಯ ಮುಂದೆಯೇ ಅವರು ಈ ಮಾತನ್ನು ಇನ್ನೊಮ್ಮೆ ಹೇಳಿಸಿದ್ದರು. ನಾನೂ ತಲೆ ಆಡಿಸಿದ್ದೆ.

ಇಂಜಿನ್ನಿನ ಟೈಮಿಂಗ್ ಬೆಲ್ಟು ತುಂಡಾಗಿ ವಾಲ್ವುಗಳು ಪಿಸ್ಟನ್ನಿಗೆ ಬಡಿದದ್ದು ಹೋದ ಬುಧವಾರ ಬೆಳಿಗ್ಗೆ, ಹೆಗ್ಗೆರೆ ಹತ್ತಿರ. ಅವರ ಕೈಲಿ.

ಇನ್ನು ನನ್ನ ವಿಷಯ. ಹದಿನಾಲ್ಕು ತಿಂಗಳ ಹಿಂದೆ ಕುಣಿಗಲ್ಲಿನಿಂದ ಗಾಡಿ ತಂದವನು ನಾನು. ಕರಿಬಸವಯ್ಯನವರಿಗೆ ಅಂದು ಬೇರೆ ಬಾಡಿಗೆ ಇತ್ತು, "ನೀನೇ ನೋಡಿ ತಗೊಂಡ್ ಬಾ" ಅಂದಿದ್ದರು. ಗಾಡಿ ಎರಡು ಲಕ್ಷದ ಅರವತ್ತು ಸಾವಿರ ಓಡಿತ್ತು. ಒಂದು ಲಕ್ಷ ದಾಟಿದ ಗಾಡಿಯನ್ನು ಫ್ಯಾಕ್ಟರಿಗೆ ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಒಂದು ಲಕ್ಷದೊಳಗಿನ ಗಾಡಿ ಕೊಳ್ಳುವ ಶಕ್ತಿ ಇರುವವನು ಮೂರು ಹೊತ್ತೂ ಸ್ಟೇರಿಂಗ್ ತಿರುವಲು ಯಾಕೆ ಬರುತ್ತಾನೆ? ಇದನ್ನು ಎ.ಸಿ. ರೂಮಿನಲ್ಲಿ ಕೂತು ಬರೆದವನಿಗೆ ಯಾರು ಹೇಳಬೇಕು? ಮಾರಿದವನೇ ದಾರಿ ತೋರಿಸಿದ. ಲ್ಯಾಪ್‌ಟಾಪ್ ಹಿಡಿದ ಒಬ್ಬ ಬಂದು ಹತ್ತು ನಿಮಿಷದಲ್ಲಿ ಮೀಟರನ್ನು ತೊಂಬತ್ತೆರಡು ಸಾವಿರಕ್ಕೆ ಇಳಿಸಿದ. ಕೀ ಕೊಡುವಾಗ ಮಾರಿದವನು ಒಂದು ಮಾತು ಹೇಳಿದ್ದ: "ಟೈಮಿಂಗ್ ಬೆಲ್ಟ್ ಎರಡು ಲಕ್ಷದಲ್ಲಿ ಹಾಕ್ಸಿರೋದು. ಇನ್ನು ನಲವತ್ತು ಸಾವಿರ ಓಡ್ಸಿ, ತಪ್ಪದೆ ಬದಲಾಯ್ಸು. ಮರೆತ್ರೆ ಇಂಜಿನ್ನೇ ಹೋಯ್ತದೆ."

ಮನೆಗೆ ಬಂದ ಕೂಡಲೇ ಕರಿಬಸವಯ್ಯ ಕೇಳಿದ್ದು ಬೆಲ್ಟಿನ ವಿಷಯವನ್ನೇ. ತೊಂಬತ್ತೆರಡು ಸಾವಿರದ ಗಾಡಿಗೆ ಎರಡು ಲಕ್ಷದಲ್ಲಿ ಬೆಲ್ಟು ಹಾಕಿಸಿದ್ದಾರೆ ಎಂದು ಹೇಗೆ ಹೇಳಲಿ? "ಈಗ್ಲೇ ಹೊಸಾದು ಹಾಕ್ಸವ್ರೆ ಕಣಣ್ಣ" ಅಂದುಬಿಟ್ಟೆ. ಅವರು ಡ್ಯಾಶ್‌ಬೋರ್ಡಿನ ಪುಸ್ತಕದಲ್ಲಿ ದುಂಡಗೆ ಬರೆದುಕೊಂಡರು: ಮುಂದಿನ ಬೆಲ್ಟ್, ಒಂದು ಲಕ್ಷದ ತೊಂಬತ್ತೆರಡು ಸಾವಿರಕ್ಕೆ.

ಅವರಿಗೆ ಗೊತ್ತಾಗದ ಹಾಗೆ ನಾನೇ ಬದಲಾಯಿಸುತ್ತೇನೆ ಅಂದುಕೊಂಡಿದ್ದೆ. ಆಣೆ ಮಾಡಿ ಹೇಳುತ್ತೇನೆ, ಅಂದುಕೊಂಡಿದ್ದೆ. ಒಂದು ಲಕ್ಷದ ಮೂವತ್ತು ಸಾವಿರ ಬಂತು, ಆ ತಿಂಗಳು ಟೈರು. ನಲವತ್ತು ಬಂತು, ಇನ್ಶೂರೆನ್ಸು. ಆಮೇಲೆ ಮೀಟರ್ ನೋಡುವುದನ್ನೇ ಬಿಟ್ಟೆ.

ಬುಧವಾರ ಓಡುತ್ತಿದ್ದ ಗಾಡಿ ಹೆದ್ದಾರಿಯ ನಡುವೆ ಇದ್ದಕ್ಕಿದ್ದಂತೆ ಸತ್ತಿತು. ಸ್ಟೇರಿಂಗ್ ಕಲ್ಲಾಯಿತು. ಹಿಂದೆ ಬರುತ್ತಿದ್ದ ಲಾರಿ ಬ್ರೇಕ್ ಹಾಕಿದರೂ ಡಿಕ್ಕಿಗೆ ಗುದ್ದಿತು. ಹಿಂದಿನ ಸೀಟಿನಲ್ಲಿದ್ದ ಕೃತಿಕಾ ಎಂಬ ಹುಡುಗಿಯ ಎಡಗೈ ಮುರಿಯಿತು. ಇಪ್ಪತ್ತೊಂದು ವರ್ಷ, ದಿನಗೂಲಿ. ಬಾರದ ದಿನಕ್ಕೆ ಸಂಬಳವಿಲ್ಲ.

ಗುರುವಾರ ರುದ್ರಣ್ಣ ಶೆಡ್ಡಿನಲ್ಲಿ ಖರ್ಚು ಹೇಳಿದ ಮೇಲೆ ನಾನು ಕರಿಬಸವಯ್ಯನವರ ಮನೆಗೆ ಹೋದೆ. ಅವರಿಗೂ ಅವನು ಫೋನಿನಲ್ಲಿ ಹೇಳಿಯಾಗಿತ್ತು. ಹೇಳಬೇಕೆಂದೇ ಹೋದೆ. ಹಣೆಯ ತುಂಬ ವಿಭೂತಿ ಬಳಿದುಕೊಂಡು ಕೊಟ್ಟಿಗೆಯ ಮುಂದೆ ಕೂತಿದ್ದರು.

"ಬೆಲ್ಟು ಅಷ್ಟು ಬೇಗ ಹೋಯ್ತಲ್ಲೋ. ಹಂಪ್‌ನಲ್ಲಿ ಎಲ್ಲೋ ಎಗರ್ಸಿದೀನೇನೋ. ವಯಸ್ಸಾಯ್ತು, ಕಾಲು ನಿಲ್ಲಲ್ಲ."

"ಬುಡಣ್ಣ, ಹಂಪ್‌ಗೆಲ್ಲ ಬೆಲ್ಟ್ ಹೋಗಲ್ಲ."

"ಮತ್ತೆ ಯಾಕೆ ಹೋಯ್ತು, ನೀನೇ ಹೇಳು?"

ನಾನು ಕೊಟ್ಟಿಗೆಯ ಹಸುಗಳ ಕಡೆ ನೋಡಿದೆ. ಒಳಗಿನಿಂದ ಅವರ ಹೆಂಡತಿ ಗಂಗಾಂಬಿಕಮ್ಮ ಬಂದರು. "ಎರಡು ಹಸೂನೂ ಮಾರ್ತಾರಂತೆ ಕಣಪ್ಪ ನಿಮ್ಮಣ್ಣ. ಡೇರಿಗೆ ದಿನಾ ಹದಿನೆಂಟು ಲೀಟರ್ ಹಾಕ್ತಿದ್ದೋ. ಇನ್ಮೇಲೆ ಹಾಲಿಗೆ ಇವ್ರನ್ನೇ ಕರ್ಕೋಬೇಕು."

"ಸುಮ್ನಿರೇ. ಮಾತು ಅಂದ್ರೆ ಮಾತು. ಸೋಮವಾರ ಸಂಜೆ ದಲ್ಲಾಳಿ ಬತ್ತಾನೆ," ಅಂದರು ಕರಿಬಸವಯ್ಯ.

ಅವತ್ತು ಕಾಫಿ ಕುಡಿದು ವಾಪಸ್ ಬಂದೆ. ಸೋಮವಾರ ಸಂಜೆಯೊಳಗೆ ಹೇಳಿದರೆ ಸಾಕು, ಹಸು ಉಳಿಯುತ್ತವೆ ಎಂದು ಲೆಕ್ಕ ಹಾಕಿದೆ. ಶುಕ್ರವಾರ, ಶನಿವಾರ, ಭಾನುವಾರ ಆ ಲೆಕ್ಕದಲ್ಲೇ ಹೋದವು.

ಇಂದು ಸೋಮವಾರ, ನಾನು ಮತ್ತೆ ಶೆಡ್ಡಿನಲ್ಲೇ ಇದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಕರಿಬಸವಯ್ಯ ಬಸ್ಸಿಳಿದು ಶೆಡ್ಡಿಗೆ ಬಂದರು. ಬಟ್ಟೆ ಅಂಗಡಿಯ ಹಸಿರು ಕವರನ್ನು ಕಂಕುಳಲ್ಲಿ ಅವುಚಿಕೊಂಡಿದ್ದರು. ಅದನ್ನು ರುದ್ರಣ್ಣನ ಮುಂದಿದ್ದ ಮೇಜಿನ ಮೇಲೆ ಇಟ್ಟರು.

"ತಗೋ ಮಾರಾಯ. ಸಾಮಾನು ತರ್ಸು."

"ಇದೇನಣ್ಣ? ಸಂಜೆ ಅಂದಿದ್ರಲ್ಲ?" ನನ್ನ ದನಿ ನನಗೇ ಕೀಚಲಾಗಿ ಕೇಳಿಸಿತು.

"ಬೆಳಗಿನ ಹಾಲು ಕರೆಯೋ ಮುಂಚೇನೆ ದಲ್ಲಾಳಿ ಟೆಂಪೋ ತಂದ. ಕೆಚ್ಚಲು ತುಂಬಿರೋದು ನೋಡಿ ಎರಡು ಸಾವಿರ ಜಾಸ್ತೀನೇ ಕೊಟ್ಟ. ನಿಮ್ಮಕ್ಕ ಹೊರಗೇ ಬರಲಿಲ್ಲ."

ರುದ್ರಣ್ಣ ಕವರನ್ನು ಮುಟ್ಟಲಿಲ್ಲ. ನನ್ನನ್ನು ನೋಡಿದ. ಆ ನೋಟಕ್ಕೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಏನ್ ನೋಡ್ತೀಯ? ನೋಡ್ತಾನೆ ನೋಡ್ತಾನೆ! ನಾನೇ ಕಣೋ ತಿರುಗ್ಸಿದ್ದು, ಏನಿವಾಗ? ನಾನೇ!" ಎಂದು ಕೂಗಿದೆ. ಆಮೇಲೆ ಕರಿಬಸವಯ್ಯನವರ ಕಡೆಗೆ ತಿರುಗಿ ಎಲ್ಲವನ್ನೂ ಹೇಳಿದೆ. ಕುಣಿಗಲ್ಲು, ಲ್ಯಾಪ್‌ಟಾಪಿನವನು, ಎರಡು ಲಕ್ಷದ ಬೆಲ್ಟು, ನಲವತ್ತು ಸಾವಿರದ ಮಾತು. ತಪ್ಪೊಪ್ಪಿಕೊಳ್ಳುವ ಹಾಗೆ ಹೇಳಲಿಲ್ಲ, ಜಗಳ ಆಡುವವನ ಹಾಗೆ ಹೇಳಿದೆ.

ಅವರು ದುಡ್ಡಿನ ಕವರಿನ ಮೇಲೆ ಕೈ ಇಟ್ಟುಕೊಂಡು ನಿಂತರು.

"ಗುರುವಾರ ಮನೆಗೆ ಬಂದಿದ್ದೆಯಲ್ಲ."

"ಹೂಂ."

"ಹಸು ಕೊಟ್ಟಿಗೇಲೇ ಇದ್ವು."

ನಾನು ಟೈರಿನ ಮೇಲಿದ್ದ ಹೆಡ್ಡಿನ ಕಡೆ ತಿರುಗಿದೆ.

"ಹಂಗಾದ್ರೆ ಗಾಡಿ ಕೆಟ್ಟಿದ್ದು ನನ್ ಕೈಲಲ್ಲ," ಎಂದು ಕವರನ್ನು ಮತ್ತೆ ಕಂಕುಳಿಗೆ ಸೇರಿಸಿದರು. "ಕುಣಿಗಲ್ಲಲ್ಲೇ ಕೆಟ್ಟೈತೆ, ನಿನ್ ಕೈಲಿ. ದಿನಾ ಆರು ಹೆಣ್ಮಕ್ಕಳನ್ನ ಅದ್ರಲ್ಲಿ ಕೂರ್ಸ್ಕೊಂಡು ನಿದ್ದೆ ಹೆಂಗ್ ಬಂತೋ ನಿಂಗೆ? ಆ ಹುಡುಗೀನ ಎತ್ತಿ ಕೆಳಗಿಳ್ಸಿದ್ದು ನಾನು. 'ಅಂಕಲ್, ಇವತ್ತಿನ ಹಾಜರಿ ಹೋಯ್ತಲ್ಲ' ಅಂತಿದ್ಳು. ಕೈ ನೋವು ಅನ್ನಲಿಲ್ಲ."

ಫೋನ್ ತೆಗೆದರು. ಹಸು ಕೊಂಡವನಿಗೆ ಮಾಡುತ್ತಾರೆ ಅಂದುಕೊಂಡೆ. ಅವರು ಮಾಡಿದ್ದು ಫ್ಯಾಕ್ಟರಿಯ ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರಿಗೆ.

"ಸಾರ್, ಕರಿಬಸವಯ್ಯ. ಗುಬ್ಬಿ ರೂಟು. ನಮ್ ಗಾಡಿ ಮೀಟರ್ ಸುಳ್ಳು ಸಾರ್. ಮೂರು ಲಕ್ಷ ಮೇಲೆ ಓಡೈತೆ. ಇಲ್ಲ ಸಾರ್, ರಿಪೇರಿ ಆದ್ರೂ ಬೇಡ. ಬೇರೆ ಗಾಡಿ ಹಾಕ್ಕೊಳ್ಳಿ. ಹುಡುಗಿ ಆಸ್ಪತ್ರೆ ಖರ್ಚು ಕೇಳೋಕೆ ನಾಳೆ ನಾನೇ ಬತ್ತೀನಿ."

ನಾನು ಅವರ ಕೈ ಹಿಡಿದೆಳೆದೆ. "ಏನಣ್ಣ ಮಾಡ್ದೆ! ಇಬ್ಬರ ಹೊಟ್ಟೆ ಮೇಲೂ ಹೊಡ್ದಲ್ಲೋ! ಡ್ಯೂಟಿ ಇದ್ರೆ ನಾನು ದುಡಿದು ಹಸು ಬಿಡಿಸ್ಕೊಡ್ತಿದ್ದೆ!"

"ಮಾರಿದ್ದನ್ನ ಬಿಡಿಸ್ಕೊಡೋಕೆ ಅದೇನು ಅಡ ಇಟ್ಟಿರೋ ಒಡವೇನಾ?" ಅಂದರು. ಕೈ ಬಿಡಿಸಿಕೊಂಡು, ಕವರನ್ನು ಸರಿಮಾಡಿಕೊಂಡು, ಬಸ್‌ಸ್ಟಾಪಿನ ಕಡೆ ನಡೆದರು. ಒಂದು ಬೈಗುಳವನ್ನಾದರೂ ಬೈಯುತ್ತಾರೆಂದು ಕಾದೆ. ಬಸ್ಸು ಬಂತು. ಹತ್ತಿದರು.

ರುದ್ರಣ್ಣ ಹೆಡ್ಡಿನ ಬೋಲ್ಟುಗಳನ್ನು ಡಬ್ಬಕ್ಕೆ ಹಾಕುತ್ತಿದ್ದ.

"ಕಟ್ಟಲೋ, ಬ್ಯಾಡ್ವೋ?"

"ನನ್ನತ್ರ ಒಂಬತ್ತು ಸಾವಿರ ಐತೆ."

"ಹಂಗಾದ್ರೆ ಜಾಗ ಖಾಲಿ ಮಾಡು. ಎರಡು ಗಂಟೆಗೆ ಬೇರೆ ಗಾಡಿ ಬತ್ತದೆ. ಹೆಡ್ ಡಿಕ್ಕೀಲಿ ಹಾಕ್ಕೋ."

ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ ನಾನೇ ಎತ್ತಿ ಹಾಕಿದೆ. ಡಿಕ್ಕಿಯ ಬಾಗಿಲು ಗುದ್ದು ತಿಂದು ನುಗ್ಗಾಗಿತ್ತು, ಮುಚ್ಚಲಿಲ್ಲ. ಹಗ್ಗ ಕಟ್ಟಿದೆ. ಡ್ರೈವರ್ ಕಡೆಯ ಕಿಟಕಿಯೊಳಗೆ ಒಂದು ಕೈ ಹಾಕಿ ಸ್ಟೇರಿಂಗ್ ಹಿಡಿದು, ಬಾಗಿಲ ಕಂಬಿಗೆ ಹೆಗಲು ಕೊಟ್ಟು ನೂಕಿದೆ. ಗಾಡಿ ಶೆಡ್ಡಿನ ಹೊಸ್ತಿಲವರೆಗೆ ಬಂದು ಸಿಮೆಂಟಿನ ಏರಿಗೆ ನಿಂತಿತು. ಇನ್ನೊಮ್ಮೆ ನೂಕಿದೆ, ಹಿಂದಕ್ಕೇ ಉರುಳಿತು.

"ರುದ್ರಣ್ಣ, ಸ್ವಲ್ಪ ಕೈ ಹಾಕು."

"ಊಟ ಮಾಡ್ತಾ ಇದೀನಿ," ಅಂದ ಒಳಗಿನಿಂದ.