ಕರಾಳಕನ್ಯೆಯ ಕತ್ತೆ

ಆ ಕಾಮಿಕ್ಸ್ ಪತ್ರಿಕೆ ಹುಟ್ಟುತ್ತಿದ್ದದ್ದು ಒಂದೇ ಮನೆಯ ಒಂದೇ ಮೇಜಿನ ಮೇಲೆ. ಮೇಜಿನ ಕುಂಟು ಕಾಲಿಗೆ ಮಾರಾಟವಾಗದ ಹಳೇ ಸಂಚಿಕೆಗಳೇ ಆಸರೆ. ಗಂಡ ಕಥೆ ಕಟ್ಟುತ್ತಿದ್ದ, ಹೆಂಡತಿ ಚಿತ್ರ ಬರೆಯುತ್ತಿದ್ದಳು, ಮಾತಿನ ಗುಳ್ಳೆಗಳೊಳಗೆ ಅಕ್ಷರ ತುಂಬುವ ಕೆಲಸ ಅತ್ತೆಯದು. ಅತ್ತೆಯ ಅಕ್ಷರ ಮುತ್ತು ಪೋಣಿಸಿದ ಹಾಗೆ. ಕಣ್ಣು ಮಾತ್ರ ಮಂಜು. ಕನ್ನಡಕ ಹಾಕಿಕೊಳ್ಳಿ ಎಂದರೆ, "ನನಗೇನು ವಯಸ್ಸಾಗಿದೆಯಾ?" ಎಂದು ಮುಖ ಊದಿಸಿಕೊಳ್ಳುತ್ತಿದ್ದರು. ಸೊಸೆ ಬಾಯಿ ಮುಚ್ಚಿಕೊಂಡು ಮುಂದಿನ ಹಾಳೆ ಎಳೆದುಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಬಾಯಿ ಮುಚ್ಚಿಕೊಳ್ಳುವ ಖಾತೆ ಪೂರ್ತಿ ಅವಳದೇ.

ಬಾಯಿ ಬಿಡುತ್ತಿದ್ದವಳು ಕರಾಳಕನ್ಯೆ, ಕಥೆಯ ಖಳನಾಯಕಿ. ಕಪ್ಪು ಮುಸುಕು, ಕೈಯಲ್ಲಿ ಕತ್ತಿ, ಊರಿಗೆಲ್ಲ ಬೆಂಕಿ ಹಚ್ಚುವ ಉಮೇದು. ನಾಯಕನನ್ನು ಬರೆಯುವಾಗ ಸೊಸೆಗೆ ಆಕಳಿಕೆ ಬರುತ್ತಿತ್ತು. ಇಟ್ಟಿಗೆಯಂಥ ಗದ್ದ ಗೀಚಿದರೆ ಮುಗಿಯಿತು, ಮಿದುಳಿಗೆ ಜಾಗ ಬಿಡುವ ತಾಪತ್ರಯವೂ ಇರಲಿಲ್ಲ. ಕರಾಳಕನ್ಯೆಯ ಹುಬ್ಬಿಗೆ ಮಾತ್ರ ಅರ್ಧ ಬೆಳಗನ್ನೇ ಕೊಡುತ್ತಿದ್ದಳು. ಗಂಡನ ಮೇಲೆ ಸಿಟ್ಟು ಬಂದ ದಿನ ಆ ಹುಬ್ಬು ಇನ್ನಷ್ಟು ಗಂಟಿಕ್ಕುತ್ತಿತ್ತು.

ಹಾಗಾಗಿ ಪತ್ರಿಕೆಯ ಮಾಲೀಕರು ಬಂದು, "ಇವಳು ಹಳಸಿಹೋದ್ಲು, ಈ ಸಂಚಿಕೇಲಿ ಮುಗಿಸಿಬಿಡಿ" ಎಂದಾಗ ಸೊಸೆಗೆ ಸ್ವಂತ ತಂಗಿಯನ್ನು ಬಾವಿಗೆ ತಳ್ಳು ಎಂದಷ್ಟು ಸಂಕಟವಾಯಿತು. ಆದರೂ ಬರೆದಳು: ಬಂಡೆಯ ಅಂಚಿನಲ್ಲಿ ಕರಾಳಕನ್ಯೆ, ಎದುರಿಗೆ ಗದ್ದ. ಬೀಳುವ ಮುಂಚೆ ಆಕೆ ಕೊನೆಯದಾಗಿ ಗರ್ಜಿಸಬೇಕು: "ನನ್ನ ಕತ್ತಿಗೆ ಹಸಿವಾಗಿದೆ!" ಅತ್ತೆ ಹಾಳೆಗೆ ಮೂಗು ತಾಗಿಸಿ ಮುತ್ತು ಪೋಣಿಸಿದರು. ಗಂಡ ನೋಡದೆಯೇ ಮುದ್ರಣಕ್ಕೆ ಕಳಿಸಿದ; ಅಮ್ಮನ ಅಕ್ಷರದಲ್ಲಿ ತಪ್ಪು ಹುಡುಕುವ ಧೈರ್ಯ ಅವನಿಗೆ ಎಂದೂ ಇರಲಿಲ್ಲ.

ಪತ್ರಿಕೆ ಅಂಗಡಿಗೆ ಬಂತು. ಒಂದು ಅಕ್ಷರಕ್ಕೆ ಗುಡಿಸು ಇರಬೇಕಾದಲ್ಲಿ ಎತ್ವ ಕೂತಿತ್ತು, ಅಷ್ಟೇ. ಕರಾಳಕನ್ಯೆ ಸಾವಿನ ಅಂಚಿನಲ್ಲಿ ನಿಂತು ಲೋಕಕ್ಕೆಲ್ಲ ಕೇಳುವಂತೆ ಗರ್ಜಿಸಿದ್ದಳು: "ನನ್ನ ಕತ್ತೆಗೆ ಹಸಿವಾಗಿದೆ!"

ಓದುಗರು ಬಿದ್ದು ಬಿದ್ದು ನಕ್ಕರು. ಆಮೇಲೆ ಕಂಗಾಲಾದರು. ಪಾಪದ ಪ್ರಾಣಿ ಎಲ್ಲಿದೆ? ಇವಳು ಸತ್ತರೆ ಅದಕ್ಕೆ ಹುಲ್ಲು ಹಾಕುವವರು ಯಾರು? ಕತ್ತೆಯನ್ನು ಉಪವಾಸ ಕೆಡವಿದ ನಾಯಕನೂ ಒಬ್ಬ ನಾಯಕನೇ? ಮಾಲೀಕರ ಫೋನಿಗೆ ಬಿಡುವೇ ಇಲ್ಲ. ಅವರು ಎದ್ದೆನೋ ಬಿದ್ದೆನೋ ಎಂದು ಓಡಿಬಂದು, "ಅವಳನ್ನ ಬದುಕಿಸಿ! ಕತ್ತೇನೂ ತೋರಿಸಿ!" ಎಂದರು.

"ಈಗ ಕತ್ತೆ ಎಲ್ಲಿಂದ ತರ್ಲಿ?" ಎಂದ ಗಂಡ.

"ಕನ್ನಡಿ ನೋಡ್ಕೋ" ಎಂದರು ಅತ್ತೆ. ತಪ್ಪು ತಮ್ಮದಲ್ಲ, ಮಗ ಬರೆದುಕೊಟ್ಟದ್ದೇ ಹಾಗೆ ಎಂದು ಅವರ ಅಖಂಡ ನಂಬಿಕೆ.

ಕತ್ತೆ ಬಂದ ಮೇಲೆ ಕರಾಳಕನ್ಯೆಯ ಹಣೆಬರಹವೇ ಬದಲಾಯಿತು. ಕತ್ತೆಗೆ ಬೆಂಕಿ ಕಂಡರೆ ಭಯ, ಹಾಗಾಗಿ ಊರು ಸುಡುವುದು ನಿಂತಿತು. ಹುಲ್ಲು ಬೇಕಲ್ಲ, ಅದಕ್ಕೆ ಶ್ರೀಮಂತರ ತೋಟಕ್ಕೆ ನುಗ್ಗಿದಳು. ನುಗ್ಗಿದ ಮೇಲೆ ಬರಿಗೈಯಲ್ಲಿ ಬರುವುದೇಕೆ ಎಂದು ತಿಜೋರಿಯನ್ನೂ ಎತ್ತಿಕೊಂಡು ಬಂದಳು. ಕತ್ತೆ ನಡುಬೀದಿಯಲ್ಲಿ ಹಟ ಹಿಡಿದು ಕೂತಾಗ ಭಾರ ಇಳಿಸಲು ಚಿನ್ನವನ್ನೆಲ್ಲ ಚೆಲ್ಲಿದಳು. ಜನ ಅದನ್ನು ದಾನ ಎಂದುಕೊಂಡರು. ಬೈಗುಳ ಬಿಡಲಿಲ್ಲ, ಕಳ್ಳತನ ಬಿಡಲಿಲ್ಲ, ಯಾರ ಕ್ಷಮೆಯನ್ನೂ ಕೇಳಲಿಲ್ಲ. ಓದುಗರು ಅವಳನ್ನು "ಕತ್ತೆಯಕ್ಕ" ಎಂದು ಕರೆದು ತಲೆಯ ಮೇಲೆ ಹೊತ್ತು ಮೆರೆಸಿದರು. ಸೊಸೆ ಕೆಲಸ ಮಾಡುತ್ತಾ ಹಾಡು ಗುನುಗತೊಡಗಿದಳು.

ಆ ಖುಷಿಗೆ ಕಲ್ಲು ಹಾಕಲು ಮಾಲೀಕರು ಮತ್ತೆ ಬಂದರು. "ಜನಕ್ಕೆ ಅವಳ ಮೇಲೆ ಪ್ರೀತಿ ಬಂದಿದೆ. ಇನ್ನು ಒಳ್ಳೆಯವಳನ್ನಾಗಿ ಮಾಡಿ ನಾಯಕನಿಗೆ ಕೊಟ್ಟು ಮದುವೆ ಮಾಡಿಬಿಡೋಣ. ಹುಬ್ಬು ಸ್ವಲ್ಪ ಸಡಿಲ ಮಾಡಮ್ಮ. ನಾಚಿಕೊಳ್ಳಲಿ."

ಗಂಡ ಆಗಲೇ ಬರೆದಿಟ್ಟಿದ್ದ. ನಾಯಕ ಹೇಳುತ್ತಾನೆ: "ಕತ್ತೆಯನ್ನು ಮಾರಿಬಿಡು, ಇನ್ನು ನನ್ನ ಮನೆ ನೋಡಿಕೋ." ಕತ್ತೆಯಕ್ಕ ತಲೆ ತಗ್ಗಿಸಿ "ಹೂಂ" ಎನ್ನುತ್ತಾಳೆ.

ಸೊಸೆ ತಗ್ಗಿದ ತಲೆಯನ್ನು ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಕಾಗದ ತೂತಾಯಿತು. ಆ "ಹೂಂ" ಎಂಥದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾದಾಗಿನಿಂದ ಅವಳು ಹೇಳಿಕೊಂಡು ಬಂದದ್ದು ಅದೊಂದನ್ನೇ. ಕತ್ತೆಯಕ್ಕನ ಬಾಯಿಗೂ ಅದನ್ನೇ ತುರುಕುವುದು ಅವಳಿಂದ ಆಗಲಿಲ್ಲ.

"ನಾನು ಬರೆಯಲ್ಲ" ಎಂದಳು.

"ಏನು?" ಎಂದ ಗಂಡ. ಮೇಜಿನ ಆ ಬದಿಯಿಂದ ಮಾತು ಬರುವುದು ಅವನಿಗೆ ಅಭ್ಯಾಸವಿರಲಿಲ್ಲ.

ಆಮೇಲೆ ಬಂತು ನೋಡಿ. "ಬರೆಯಲ್ಲ ಅಂದ್ರೆ ಬರೆಯಲ್ಲ! ಅವಳ ಕತ್ತೆ ಮಾರು ಅನ್ನೋಕೆ ಇವನ್ಯಾರು? ಮನೆ ನೋಡ್ಕೊಳ್ಳೋಕೆ ಬೇಕಿದ್ರೆ ಬೀಗ ಹಾಕ್ಕೊಂಡು ಹೋಗ್ಲಿ! ಇವನಿಗಿಂತ ಕತ್ತೆ ವಾಸಿ, ತಿಂದಿದ್ದಕ್ಕೆ ಭಾರನಾದ್ರೂ ಹೊರುತ್ತೆ. ಇವನು ತಿಂದ ತಟ್ಟೇನೂ ಎತ್ತಲ್ಲ! ಒದ್ದೆ ಟವೆಲನ್ನ ಹಾಸಿಗೆ ಮೇಲೆ ಎಸೀತಾನೆ!"

"ನಾಯಕನ ಹತ್ರ ಟವೆಲೇ ಇಲ್ವಲ್ಲಮ್ಮ..." ಎಂದರು ಮಾಲೀಕರು. ಗಂಡ ಹೆಗಲ ಮೇಲಿದ್ದ ಟವೆಲನ್ನು ಮೆಲ್ಲಗೆ ಬೆನ್ನ ಹಿಂದೆ ಬಚ್ಚಿಟ್ಟ.

ಸೊಸೆ ಏದುಸಿರು ಬಿಡುತ್ತಾ ನಿಂತಳು. ಅತ್ತೆ ಈಗ ಏನನ್ನುತ್ತಾರೋ ಎಂದು ಹೆದರಿಕೆಯೂ ಆಯಿತು.

ಅತ್ತೆ ಮಗನ ಹಾಳೆಯನ್ನು ಪಕ್ಕಕ್ಕೆ ತಳ್ಳಿ ಲೇಖನಿಯನ್ನು ಶಾಯಿಗೆ ಅದ್ದಿದರು.

"ಇನ್ನೊಂದ್ಸಲ ಹೇಳಮ್ಮ, ನಿಧಾನಕ್ಕೆ. ಬೀಗದಿಂದ ಶುರು ಮಾಡು."

"ಅಷ್ಟೊಂದು ಮಾತು ಗುಳ್ಳೇಲಿ ಹಿಡಿಸಲ್ಲ ಅತ್ತೆ."

"ಗುಳ್ಳೆ ದೊಡ್ಡದು ಮಾಡು."

"ನಾಯಕನ ಮುಖ ಮುಚ್ಚಿಹೋಗುತ್ತೆ."

"ಹೋಗ್ಲಿ ಬಿಡು" ಎಂದರು ಅತ್ತೆ. "ಅದನ್ನ ನೋಡೋಕೆ ಯಾರು ದುಡ್ಡು ಕೊಡ್ತಾರೆ?"